ಸಹಾಯ ಬೇಕು: ಹಂದಿ ಗೂಡು, ಪಕ್ಕದ ಮನೆಯವರ ದೂರು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯವನು. ಕಾಫಿ ತೋಟದ ಅಂಚಿನಲ್ಲಿ ಮೂರು ಯಾರ್ಕ್‌ಶೈರ್ ಹೆಣ್ಣು ಹಂದಿಗಳನ್ನು ಸಾಕಿದ್ದೇನೆ. ಒಂದು ಗಬ್ಬವಾಗಿದೆ, 114 ದಿನದ ಲೆಕ್ಕದಲ್ಲಿ ಇನ್ನು ಎರಡು ವಾರಕ್ಕೆ ಮರಿ ಹಾಕಬೇಕು.

ಈಗ ಪಕ್ಕದ ಮನೆಯ ಅಣ್ಣ ವಾಸನೆಯೆಂದು ಪಂಚಾಯಿತಿಗೆ ದೂರು ಕೊಟ್ಟಿದ್ದಾರೆ. ತಪ್ಪು ಅವರದಲ್ಲ. ಮೊನ್ನೆಯ ಮಳೆಗೆ ಗೂಡು ತೊಳೆದ ನೀರು ಅವರ ಬಾವಿಕಟ್ಟೆಯ ತನಕ ಹರಿದು, ಕಟ್ಟೆಯ ಮೇಲಿದ್ದ ಕೊಡಕ್ಕೂ ಸಿಡಿದಿತ್ತು. ಮರುದಿನವೇ ಇಂಗುಗುಂಡಿ ತೋಡಿಸಲು ಶುರು ಮಾಡಿದೆ.

ಪಂಚಾಯಿತಿಯವರು ಪರವಾನಗಿ ಕೇಳುತ್ತಿದ್ದಾರೆ. ಮೂರೇ ಹಂದಿಗೂ ಬೇಕೇ? ಮನೆಯಿಂದ, ಬಾವಿಯಿಂದ ಎಷ್ಟು ದೂರವಿರಬೇಕು? ಅರ್ಜಿಯೊಂದಿಗೆ ಏನೇನು ಕೊಟ್ಟಿರಿ?

ಇನ್ನೊಂದು ಚಿಂತೆ ಮೇವಿನದು. ಹೋಟೆಲಿನ ಉಳಿಕೆ ತರುತ್ತೇನೆ. 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಇಂಥ ಎಂಜಲಿನ ಮಾಂಸದಿಂದಲೂ ಹರಡುತ್ತದೆ, ಅದಕ್ಕೆ ಔಷಧವಿಲ್ಲ. ಆದ್ದರಿಂದ ಹಂಡೆಯಲ್ಲಿ ಚೆನ್ನಾಗಿ ಕುದಿಸಿಯೇ ಹಾಕುತ್ತಿದ್ದೇನೆ. ಸೌದೆಯ ಖರ್ಚು ಮಾತ್ರ ಕೇಳಬೇಡಿ! ಉಳಿಕೆ ಬಿಟ್ಟು ತೌಡು, ಜೋಳದ ನುಚ್ಚಿನಲ್ಲೇ ಸಾಕುತ್ತಿರುವವರಿದ್ದರೆ ದಿನಕ್ಕೆಷ್ಟು ಖರ್ಚಾಗುತ್ತದೆ ಎಂದು ತಿಳಿಸಿ. ಸೋಮವಾರ ಪಂಚಾಯಿತಿಗೆ ಉತ್ತರ ಕೊಡಬೇಕು.