ಸಹಾಯ ಬೇಕು: ಕೊಲೊರಾಡೊದ ಬ್ರೆಕೆನ್‌ರಿಜ್ ಕಡೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕೊಲೊರಾಡೊದ ಸಮಿಟ್ ಕೌಂಟಿಯಲ್ಲಿ ಕೆಲಸ ಸಿಕ್ಕಿದೆ. ಬ್ರೆಕೆನ್‌ರಿಜ್, ಫ್ರಿಸ್ಕೊ, ಸಿಲ್ವರ್‌ಥಾರ್ನ್ ಕಡೆ ಕನ್ನಡದವರು ಯಾರಾದರೂ ಇದ್ದೀರಾ?

ವರ್ಷಪೂರ್ತಿ ಬಾಡಿಗೆಗೆ ಕೊಡುವವರು ಸಿಗುತ್ತಿಲ್ಲ. ಸ್ಕೀ ಸೀಸನ್‌ಗೆ ಮಾತ್ರ ಕೊಡುವವರೇ ಜಾಸ್ತಿ. ಹಾಗಾಗಿ ಡೀಡ್ ರಿಸ್ಟ್ರಿಕ್ಷನ್ (ಮನೆ ಪತ್ರದಲ್ಲೇ ಬರೆದ ಷರತ್ತು) ಇರುವ ಕಾಂಡೊ, ಅಂದರೆ ಅಪಾರ್ಟ್‌ಮೆಂಟ್ ಮನೆ, ಕೊಳ್ಳುವ ಯೋಚನೆ ಇದೆ. ಕೌಂಟಿಯೊಳಗೆ ವಾರಕ್ಕೆ 30 ಗಂಟೆಯಾದರೂ ದುಡಿಯುವವರಿಗೆ ಅಂತಲೇ ಇಟ್ಟ ಮನೆಗಳು ಇವು. ಎಷ್ಟೋ ಮನೆಗಳಿಗೆ ಮುಂದೆ ಮಾರುವ ಬೆಲೆಗೂ ಮಿತಿ ಇರುತ್ತದೆ. ಊರಲ್ಲಿ ದುಡಿಯುವವರಿಗೆ ಊರಲ್ಲೇ ಮನೆ ಸಿಗಬೇಕು ಅಲ್ವಾ, ನಿಯಮ ನನಗೆ ಸರಿ ಅನ್ನಿಸುತ್ತದೆ. ಆದರೆ ಕೊಂಡವರ ಅನುಭವ ಹೇಗಿದೆ? ಬ್ಯಾಂಕ್ ಸಾಲ ಸುಲಭವಾಗಿ ಸಿಕ್ಕಿತಾ? ತಿಂಗಳ ಎಚ್‌ಒಎ (ಮನೆ ಮಾಲೀಕರ ಸಂಘ) ಶುಲ್ಕದಲ್ಲಿ ಹಿಮ ತೆಗೆಸುವುದು, ಹೀಟಿಂಗ್ ಎಲ್ಲ ಸೇರಿರುತ್ತಾ? ಛಾವಣಿ ರಿಪೇರಿ ಬಂದಾಗ ಒಮ್ಮೆಲೇ ದೊಡ್ಡ ಮೊತ್ತ ಕೇಳುತ್ತಾರಾ?

ನನಗೆ ಹೆಚ್ಚು ಚಿಂತೆ ಅತ್ತೆಯವರದ್ದು. ಅವರಿಗೆ 71 ವರ್ಷ, ಬಿಪಿ ಇದೆ. ಬ್ರೆಕೆನ್‌ರಿಜ್ ಇರುವುದು 9,600 ಅಡಿ ಎತ್ತರದಲ್ಲಿ. ಮೊದಲು ಡೆನ್ವರ್‌ನಲ್ಲಿ ಒಂದೆರಡು ದಿನ ತಂಗಿ ಆಮೇಲೆ ಮೇಲೆ ಹೋಗಿ ಅಂತ ಡಾಕ್ಟರ್ ಹೇಳಿದ್ದಾರೆ. ಹಿರಿಯರ ಜೊತೆ ಅಲ್ಲಿ ಇದ್ದವರು ದಯವಿಟ್ಟು ಹೇಳಿ, ರಾತ್ರಿ ನಿದ್ದೆ, ಉಸಿರಾಟಕ್ಕೆ ತೊಂದರೆ ಆಯಿತಾ? ಫ್ರಿಸ್ಕೊ ಸ್ವಲ್ಪ ತಗ್ಗಿನಲ್ಲಿದೆ, ಅವರಿಗೆ ಆ ಕಡೆ ಸ್ವಲ್ಪ ವಾಸಿನಾ?

ಇನ್ನು ಅಡುಗೆ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆಗೆ ಕುಕ್ಕರ್ ಎಷ್ಟು ಸಲ ಕೂಗಿಸುತ್ತೀರಿ? ಚಳಿಯಲ್ಲಿ ದೋಸೆ ಹಿಟ್ಟು ಹುದುಗಲು ಏನು ಮಾಡುತ್ತೀರಿ? ಹಿಮ ಬಿದ್ದು ಐ-70 ರಸ್ತೆ ಮುಚ್ಚಿದರೆ ಅಂತ ಎಷ್ಟು ದಿನದ ದಿನಸಿ ಇಟ್ಟುಕೊಳ್ಳಬೇಕು? ಬಸ್ ಉಚಿತವಂತೆ, ಒಂದೇ ಕಾರು ಸಾಕಾಗುತ್ತಾ?

ಗೊತ್ತಿರುವಷ್ಟು ಬರೆಯಿರಿ. ಫೋನಲ್ಲಿ ಮಾತಾಡುವುದಾದರೆ ಮೆಸೇಜ್ ಹಾಕಿ, ನಾನೇ ಕರೆ ಮಾಡುತ್ತೇನೆ.