ಮೂರು ಸಲ ಸೆಮೆನ್ (ಹೋರಿಯ ವೀರ್ಯ) ಹಾಕಿಸಿದರೂ ಹಸು ಗಬ್ಬ ನಿಂತಿಲ್ಲ. ತಪ್ಪು ಯಾರದ್ದು?

ಕೊಟ್ಟಿಗೆಮನೆ: ನಮ್ಮ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ಮೂರು ಸಲ ಸೆಮೆನ್ ಹಾಕಿಸಿದೆ. ಮೂರೂ ಸಲ 21 ದಿನಕ್ಕೆ ಮತ್ತೆ ಬೆದೆಗೆ ಬಂತು. ಹಸು ಗಟ್ಟಿಯಾಗಿದೆ, ಬೆದೆಯ ಲೋಳೆ ತಿಳಿಯಾಗಿದೆ, ಸೋಂಕಿನ ಗುರುತಿಲ್ಲ. ಸೆಮೆನ್ನೇ ಸತ್ತಿರುವುದು. ಕಳಪೆ ಹೋರಿಯದ್ದು ಕೊಡುತ್ತಿದ್ದಾರೆ.

ನಿವೃತ್ತ ಪಶುವೈದ್ಯ: ಸುಮ್ನೆ ಹೋರಿಯನ್ನು ಬೈಯಬೇಡಿ. ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ 0.25 ಮಿಲಿ ಸ್ಟ್ರಾದಲ್ಲಿ 2 ಕೋಟಿ ವೀರ್ಯಾಣು ಇರಬೇಕು. ಕರಗಿಸಿ ನೋಡಿದಾಗ ಅರ್ಧದಷ್ಟಾದರೂ ಮುಂದಕ್ಕೆ ಈಜಬೇಕು. ಇಲ್ಲದಿದ್ದರೆ ಆ ಬ್ಯಾಚನ್ನು ಹೊರಗೆ ಬಿಡುವ ಹಾಗಿಲ್ಲ. ಕೆಡುವುದು ಹೆಚ್ಚಾಗಿ ಆಮೇಲೆ. ಸ್ಟ್ರಾ ಇಡುವ ದ್ರವ ನೈಟ್ರೋಜನ್ ಕ್ಯಾನಿನೊಳಗೆ ಮೈನಸ್ 196 ಡಿಗ್ರಿ ಇರುತ್ತದೆ. ಸ್ಟ್ರಾ ಹುಡುಕುತ್ತಾ ಕ್ಯಾನಿನ ಬಾಯಿಯ ಹತ್ತಿರ ಎತ್ತಿ ಹಿಡಿದರೆ ವೀರ್ಯಾಣು ಸಾಯುತ್ತವೆ. ಮತ್ತೆ ಒಳಗಿಟ್ಟರೂ ಬದುಕುವುದಿಲ್ಲ. ಕರಗಿಸುವುದೂ ಅಷ್ಟೇ, 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು.

ಬೈಕ್ ಮೇಲೆ ಕ್ಯಾನು: 37 ಡಿಗ್ರಿ ನೀರಾ? ತೋಟದ ಮನೆಯಲ್ಲಿ ರಾತ್ರಿ ಎಂಟಕ್ಕೆ ಬಿಸಿನೀರು ಯಾರು ಕೊಡುತ್ತಾರೆ ಸಾರ್? ಹದಿನೈದು ವರ್ಷದಿಂದ ಮನೆ ಮನೆಗೆ ಹೋಗಿ, ಸ್ಟ್ರಾ ಅಂಗೈಯಲ್ಲಿ ಉಜ್ಜಿ ಕರಗಿಸಿ ಸೆಮೆನ್ ಹಾಕುತ್ತಿದ್ದೇನೆ. ನೂರಾರು ಹಸು ಗಬ್ಬ ನಿಂತಿವೆ.

ನಿವೃತ್ತ ಪಶುವೈದ್ಯ: ನೂರಾರು ಎಷ್ಟರಲ್ಲಿ? ನಿಲ್ಲದವುಗಳ ಲೆಕ್ಕ ಬರೆದಿಟ್ಟಿದ್ದೀರಾ?

ಬೈಕ್ ಮೇಲೆ ಕ್ಯಾನು: ಲೆಕ್ಕ ಕೇಳುವವರು ಮಳೆಯಲ್ಲಿ ಬಂದು ಒಂದು ದಿನ ನನ್ನ ಜೊತೆ ಓಡಾಡಲಿ. ಅಮೆರಿಕದಲ್ಲಿ ಜೇಬಿನಲ್ಲೇ ಕರಗಿಸುತ್ತಾರೆ, ಗೊತ್ತಾ?

ನಿವೃತ್ತ ಪಶುವೈದ್ಯ: ಅಲ್ಲಿ ಕೆಲವು ಕಂಪನಿಗಳು ಸೆಮೆನ್ನನ್ನು ಹಾಗೆ ಕರಗಿಸಲೆಂದೇ ತಯಾರಿಸುತ್ತವೆ. ನಮ್ಮದು ಹಾಗಲ್ಲ. ನಿಧಾನವಾಗಿ ಕರಗಿದರೆ ಮಂಜಿನ ಹರಳು ಮತ್ತೆ ಕಟ್ಟಿ ವೀರ್ಯಾಣುವಿನ ಪೊರೆ ಹರಿಯುತ್ತದೆ.

ಡೇರಿ ಅಕ್ಕ: ಅಣ್ಣಾ, ಒಂದು ಫ್ಲಾಸ್ಕು, ಒಂದು ಥರ್ಮಾಮೀಟರ್ ಬೈಕಿನಲ್ಲಿ ಇಟ್ಟುಕೊಳ್ಳೋಕೆ ಏನು ಕಷ್ಟ? ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ಹಿಂಡಿ ನಮ್ಮ ತಲೆ ಮೇಲೆ.

ಬೈಕ್ ಮೇಲೆ ಕ್ಯಾನು: ಮೇವಿನ ಮಾತು ತೆಗೆದಿರಿ, ಒಳ್ಳೇದಾಯ್ತು. ಖನಿಜ ಮಿಶ್ರಣ ಹಾಕದೆ ಬರೀ ಒಣಹುಲ್ಲು ಹಾಕಿದರೆ ಯಾವ ಸೆಮೆನ್ ನಿಲ್ಲುತ್ತದೆ?

ಹಳ್ಳಿಕಾರ್ ಅಭಿಮಾನಿ: 1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಭಾರತದಲ್ಲೇ ಮೊದಲ ಸಲ ಕೃತಕ ಗರ್ಭಧಾರಣೆ ಮಾಡಿಸಿದರು. ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಹೋರಿಯದ್ದು ಹಾಕಿ 33 ಗಬ್ಬ ನಿಂತವು. ಆಗ ನೈಟ್ರೋಜನ್ ಕ್ಯಾನೂ ಇರಲಿಲ್ಲ, ಫ್ಲಾಸ್ಕಿನ ಜಗಳವೂ ಇರಲಿಲ್ಲ. ನಾಟಿ ಹಸು ಸಾಕಿ, ಎಲ್ಲ ಸರಿಹೋಗುತ್ತದೆ.

ನಿವೃತ್ತ ಪಶುವೈದ್ಯ: ಆಗಿನದ್ದು ತಾಜಾ ವೀರ್ಯ ಸ್ವಾಮಿ! ಹೆಪ್ಪುಗಟ್ಟಿಸಿದ್ದೇ ಇಲ್ಲ ಅಂದ ಮೇಲೆ ಕರಗಿಸುವುದು ಎಲ್ಲಿಂದ ಬರಬೇಕು?

ಹಳ್ಳಿಕಾರ್ ಅಭಿಮಾನಿ: ತಾಜಾ ವೀರ್ಯವೇ ಒಳ್ಳೇದು ಅಂತ ನೀವೇ ಹೇಳಿದಂತಾಯ್ತು. ಊರಿಗೊಂದು ಹೋರಿ ಇರಲಿ.

ಡೇರಿ ಅಕ್ಕ: ಊರ ಹೋರಿಗೆ ಬ್ರುಸೆಲ್ಲಾ (ಕಂದು ಹಾಕಿಸುವ ರೋಗಾಣು) ಪರೀಕ್ಷೆ ಯಾರು ಮಾಡಿಸುತ್ತಾರೆ? ಒಂದು ಹೋರಿಯಿಂದ ಊರ ಹಸುಗಳೆಲ್ಲ ಕಂದು ಹಾಕಿದರೆ ನೀವು ಬರುತ್ತೀರಾ?

ಕೊಟ್ಟಿಗೆಮನೆ: ನನ್ನ ಹಸುವಿನ ಮಾತು ಎಲ್ಲಿ ಹೋಯ್ತು? ಈ ಸಲ ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವ ಸೆಕ್ಸ್ಡ್ ಸೆಮೆನ್ ಹಾಕಿಸುತ್ತೇನೆ. ದುಡ್ಡು ಜಾಸ್ತಿ ಆದರೂ ಮಾಲು ಚೆನ್ನಾಗಿರುತ್ತದೆ.

ನಿವೃತ್ತ ಪಶುವೈದ್ಯ: ಬೇಡ. ಅದರಲ್ಲಿ ವೀರ್ಯಾಣು ತೀರಾ ಕಡಿಮೆ, 20 ಲಕ್ಷದ ಆಸುಪಾಸು. ಮೂರು ಸಲ ತಪ್ಪಿದ ಹಸುವಿಗೆ ಅದನ್ನು ಹಾಕಿಸಲೇಬಾರದು.

ಕೊಟ್ಟಿಗೆಮನೆ: ನೋಡಿ! ವೀರ್ಯಾಣು ಕಡಿಮೆಯಾದರೆ ನಿಲ್ಲಲ್ಲ ಅಂತ ನೀವೇ ಒಪ್ಪಿದಿರಿ. ನಾನು ಮೊದಲಿನಿಂದ ಹೇಳಿದ್ದೂ ಅದನ್ನೇ ಅಲ್ವಾ?

ಡೇರಿ ಅಕ್ಕ: ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ನೀವು ಯಾವಾಗ ಫೋನ್ ಮಾಡಿದಿರಿ ಅಣ್ಣಾ?

ಕೊಟ್ಟಿಗೆಮನೆ: ಹಿಂದಿನ ದಿನ ಬೆಳಿಗ್ಗೆಯಿಂದ ಕೂಗುತ್ತಿತ್ತು. ಕಬ್ಬಿನ ಕೆಲಸ ಇತ್ತು. ಮರುದಿನ ಮಧ್ಯಾಹ್ನ ಫೋನ್ ಮಾಡಿದೆ. ಸೆಮೆನ್ ಗಟ್ಟಿ ಇದ್ದಿದ್ದರೆ ಆಗಲೂ ನಿಲ್ಲುತ್ತಿತ್ತು.