‘ರೈಟ್ ಡಾಮಿನೆಂಟ್’ ಹೃದಯಕ್ಕೆ ಕನ್ನಡದಲ್ಲಿ ಏನನ್ನೋಣ?

ಸಿಂಧನೂರಿನ ನಮ್ಮ ಸೋದರಮಾವನ ಆಂಜಿಯೋಗ್ರಾಂ ವರದಿಯಲ್ಲಿ ‘ರೈಟ್ ಡಾಮಿನೆಂಟ್’ ಅಂತ ಬರೆದಿತ್ತು. ನಾನು ‘ಬಲ ಪ್ರಾಬಲ್ಯ’ ಎಂದು ಓದಿ ಹೇಳಿದೆ. ಮಾವ ಹೆದರಿಬಿಟ್ಟರು. “ಬಲಕಡಿ ಜೋರದ ಅಂದ್ರ ಎಡಕಡಿ ಸೋತದೇನು?” ಅಂದರು. ಅವರು ಕೇಳಿದ್ದು ಸರಿಯೇ, ನಾನು ಕೊಟ್ಟ ಪದವೇ ತಪ್ಪು.

ಹೃದಯದ ಮಾಂಸಕ್ಕೆ ರಕ್ತ ಕೊಡುವ ಪರಿಧಮನಿಗಳು ಎರಡು, ಬಲ ಮತ್ತು ಎಡ. ಹೃದಯದ ಹಿಂಬದಿಯಲ್ಲಿ, ಎರಡು ಕೆಳಕೋಣೆಗಳ ನಡುವಿನ ತೋಡಿನಲ್ಲಿ ಒಂದು ಕವಲು ಇಳಿಯುತ್ತದೆ. ಅದು ಯಾವ ಪರಿಧಮನಿಯಿಂದ ಒಡೆದು ಬಂತು ಅನ್ನುವುದಷ್ಟೇ ಇಲ್ಲಿನ ಲೆಕ್ಕ. ನೂರರಲ್ಲಿ 70-80 ಮಂದಿಗೆ ಬಲದಿಂದ, ಸುಮಾರು 10 ಮಂದಿಗೆ ಎಡದಿಂದ, ಉಳಿದವರಿಗೆ ಎರಡೂ ಕಡೆಯಿಂದ. ಯಾವುದೂ ರೋಗವಲ್ಲ. ಇನ್ನೊಂದು ಮಾತು: ‘ರೈಟ್ ಡಾಮಿನೆಂಟ್’ ಇದ್ದವರಲ್ಲೂ ಹೃದಯದ ಮಾಂಸಕ್ಕೆ ಜಾಸ್ತಿ ರಕ್ತ ಹೋಗುವುದು ಸಾಮಾನ್ಯವಾಗಿ ಎಡ ಪರಿಧಮನಿಯಿಂದಲೇ! ಹಾಗಿರುವಾಗ ‘ಪ್ರಾಬಲ್ಯ’ ಹೇಗೆ ಹೊಂದುತ್ತದೆ?

ಕೊನೆಗೆ ಮಾವನಿಗೆ ತುಂಗಭದ್ರಾ ಕಾಲುವೆ ಹಿಡಿದು ಹೇಳಿದೆ. ನಮ್ಮ ಸಿಂಧನೂರು, ಮಾನ್ವಿಗೆ ಎಡದಂಡೆ ಕಾಲುವೆ ನೀರು, ಬಳ್ಳಾರಿ ಕಡೆಗೆ ಬಲದಂಡೆ ಕಾಲುವೆ ನೀರು. “ನಿಮ್ಮ ಹೃದಯದ ಹಿಂದಿನ ಹೊಲಕ್ಕೆ ಬಲದಂಡೆ ನೀರು ಬರುತ್ತೆ ಮಾವ, ಅಷ್ಟೇ.” ವರದಿ ಮಡಚಿ ಜೇಬಿಗಿಟ್ಟು, “ಹಂಗಂದ್ರ ತಿಳೀತದ” ಅಂದರು.

ಅಂದಿನಿಂದ ‘ಬಲದಂಡೆ ಹೃದಯ’, ‘ಎಡದಂಡೆ ಹೃದಯ’ ಅನ್ನೋಣವೇ ಅನ್ನಿಸುತ್ತಿದೆ. ಎರಡೂ ಕಡೆಯಿಂದ ಬಂದರೆ ‘ಜೋಡಿದಂಡೆ’. ಈ ಪದ ಯಾರ ಕೈ ಮೇಲು ಅಂತ ಹೇಳುವುದಿಲ್ಲ, ನೀರು ಎಲ್ಲಿಂದ ಅಂತ ಮಾತ್ರ ಹೇಳುತ್ತದೆ. ಜೊತೆಗೆ ದಂಡೆ ಅಂದರೆ ನಮ್ಮಲ್ಲಿ ತಲೆಗೆ ಮುಡಿಯುವ ಹೂವಿನ ದಂಡೆ ಕೂಡ. ಪರಿಧಮನಿಯ ಇಂಗ್ಲಿಷ್ ಹೆಸರು ‘ಕರೋನರಿ’ಯ ಬೇರು ಲ್ಯಾಟಿನ್ನಿನ ‘ಕರೋನಾ’. ಅದರ ಅರ್ಥವೂ ತಲೆಗೆ ಸುತ್ತಿದ ಹೂಮಾಲೆ, ಕಿರೀಟ. ಹೃದಯವನ್ನು ಸುತ್ತಿಕೊಂಡ ನಾಳಗಳಿಗೆ ಆ ಹೆಸರು ಬಂದದ್ದು ಹೀಗೆ. ಇದು ಕಂಡಾಗ ನನಗೆ ತುಂಬಾ ಖುಷಿಯಾಯಿತು.

ಆದರೆ ಒಂದು ಅನುಮಾನ ಉಳಿದಿದೆ. ಕಾಲುವೆ ನೀರಾವರಿ ಕಡಿಮೆ ಇರುವ ಕರಾವಳಿ, ಮಲೆನಾಡಿನವರಿಗೆ ‘ಬಲದಂಡೆ’ ಅಂದರೆ ಥಟ್ಟನೆ ಹೊಳೆಯುತ್ತದೆಯೇ? ಅಲ್ಲಿ ತೋಟಕ್ಕೆ ನೀರು ಕವಲೊಡೆಯುವುದಕ್ಕೆ ಯಾವ ಮಾತಿದೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.